ಬಾಯಿ ಕಿರಿದಾದರೂ ನೀರು ಸುಮ್ಮನಿರಲಿಲ್ಲ

ಜುಲೈ 14, 2024, ಭಾನುವಾರ

ಬೆಳಗ್ಗಿನಿಂದ ಬಿಡದ ಮಳೆ. ಒಗೆದ ಬಟ್ಟೆ ಮೂರು ದಿನದಿಂದ ಹಸಿಹಸಿ. ನಿನ್ನೆ ರಾತ್ರಿ ಅರ್ಧಕ್ಕೆ ಬಿಟ್ಟ ಬಂದರಿನ ಮಾಡೆಲ್ ತೆರೆದು ಕೂತೆ, ಬಂದರಿನೊಳಗೆ ಅಲೆ ಹೇಗೆ ಓಡಾಡುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ನಿಜವಾದ ಬಂದರಲ್ಲ, ಅಭ್ಯಾಸಕ್ಕೆ ನಾನೇ ಎಳೆದ ಡಬ್ಬಿ. 400 ಮೀಟರ್ ಉದ್ದ, 5 ಮೀಟರ್ ಆಳ, ಒಂದು ತುದಿಯಲ್ಲಿ ಸಮುದ್ರಕ್ಕೆ ಬಾಯಿ.

ಲೆಕ್ಕದ ಸಮೀಕರಣ 1972ರಲ್ಲಿ ಬರ್ಕಾಫ್ ಎಂಬ ಸಂಶೋಧಕ ಕೊಟ್ಟದ್ದು. ಅಲೆ ಆಳ ನೋಡಿ ಬಾಗುವುದು, ಗೋಡೆಯ ತುದಿ ಸುತ್ತಿ ಒಳಗೆ ನುಸುಳುವುದು, ಬಡಿದು ವಾಪಸ್ಸಾಗುವುದು, ಎಲ್ಲ ಅದರಲ್ಲೇ ಬರುತ್ತದೆ. 8 ಸೆಕೆಂಡಿನ ಅಲೆ ಈ ಆಳದಲ್ಲಿ ಸುಮಾರು 53 ಮೀಟರ್ ಉದ್ದ. ಅಲೆಯೊಂದಕ್ಕೆ ಲೆಕ್ಕ ಹಾಕುವ ಹತ್ತು ಚುಕ್ಕಿಯಾದರೂ ಬೇಕು, ಹಾಗಾಗಿ 5 ಮೀಟರಿಗೊಂದು ಚುಕ್ಕಿ ಇಟ್ಟೆ.

ಮೊದಲ ಸಲ ಓಡಿಸಿದಾಗ ಒಳಗೆಲ್ಲ ಎಸರು ಕುದಿದ ಹಾಗೆ! ತಪ್ಪು ನನ್ನದೇ. ಕಲ್ಲು ಸುರಿದ ಇಳಿಜಾರನ್ನೂ ಬೋಟು ಕಟ್ಟುವ ಕಾಂಕ್ರೀಟ್ ದಕ್ಕೆಯ ಹಾಗೆ ನೆಟ್ಟಗಿನ ಗೋಡೆ ಅಂತ ಬರೆದಿದ್ದೆ. ಕಲ್ಲುರಾಶಿ ಅಲೆಯ ಬಲವನ್ನು ಸಾಕಷ್ಟು ನುಂಗಿಬಿಡುತ್ತದೆ. ಸರಿ ಮಾಡಿದ ಮೇಲೆ ನೀರು ತಣ್ಣಗಾಯಿತು.

ಅಷ್ಟಕ್ಕೇ ಬಿಟ್ಟು ಊಟಕ್ಕೆ ಏಳಬಹುದಿತ್ತು. ಸುಮ್ನೆ ಉದ್ದದ ಅಲೆ ಹಾಕಿ ನೋಡಿದೆ. ಕಡಲಲ್ಲಿ ದೊಡ್ಡ ಅಲೆಗಳು ಗುಂಪಾಗಿ ಬಂದು, ಆಮೇಲೆ ಸ್ವಲ್ಪ ಹೊತ್ತು ತಗ್ಗುತ್ತವೆ ಅಲ್ವಾ? ಆ ಗುಂಪಿನ ಜೊತೆ ನೀರಿನ ಮಟ್ಟವೂ ಮೆಲ್ಲಗೆ ಏರಿಳಿಯುತ್ತದೆ. ಕೆಲವೇ ಸೆಂಟಿಮೀಟರ್, ಕಣ್ಣಿಗೆ ಕಾಣದು. ಇದೇ ಆ ಉದ್ದದ ಅಲೆ. ಇಂಥ ಅಲೆಗೆ ಕಲ್ಲುರಾಶಿಯೂ ಗೋಡೆಯೇ.

5 ಮೀಟರ್ ಆಳದಲ್ಲಿ ಅದರ ವೇಗ ಸೆಕೆಂಡಿಗೆ 7 ಮೀಟರ್. ಡಬ್ಬಿಯ ಉದ್ದದ ನಾಲ್ಕು ಪಟ್ಟನ್ನು ಅದರಿಂದ ಭಾಗಿಸಿದರೆ ಸುಮಾರು 228 ಸೆಕೆಂಡ್, ಡಬ್ಬಿಯ ನೀರು ತಾನಾಗಿ ಒಮ್ಮೆ ತೂಗಾಡಿ ಬರುವ ಹೊತ್ತು. ಆ ತಾಳಕ್ಕೆ ಹತ್ತಿರದ ಅಲೆ ಬಂದರೆ ಬಂದರು ತಾನೂ ಕುಣಿಯುತ್ತದೆ. ಸೊಂಟದ ಮೇಲಿನ ಕೊಡದ ನೀರು ನಡಿಗೆಯ ತಾಳಕ್ಕೆ ಸಿಕ್ಕಿ ಸೀರೆಗೆ ಚೆಲ್ಲುತ್ತದಲ್ಲ, ಹಾಗೆ.

ತಡೆಯೋಣ ಅಂತ ಬಾಯಿಯನ್ನು ಅರ್ಧ ಮುಚ್ಚಿದೆ. ಕುಣಿತ ಜಾಸ್ತಿಯಾಯಿತು! ತಾಳ ಮಾತ್ರ ಇನ್ನೂ ನಿಧಾನವಾಯಿತು. ಮೈಲ್ಸ್ ಮತ್ತು ಮುಂಕ್ ಎಂಬ ಸಂಶೋಧಕರು 1961ರಲ್ಲೇ ಇದನ್ನು ಬರೆದಿದ್ದಾರೆ, ಓದಿಯೂ ಇದ್ದೆ. ಕಿರಿದಾದ ಬಾಯಿಯಿಂದ ಒಳಗೆ ಬರುವುದು ಕಡಿಮೆ ನಿಜ, ಆದರೆ ಒಳಗಿನದು ಹೊರಗೆ ಹೋಗುವುದೂ ಕಡಿಮೆ. ನಿಜವಾದ ಬಾಯಲ್ಲಿ ನೀರು ಸುಳಿದು, ಉಜ್ಜಿ ಒಂದಿಷ್ಟು ಬಲ ಕಳೆದುಕೊಳ್ಳುತ್ತದೆ. ಅದನ್ನು ನಾನು ಹಾಕಿರಲಿಲ್ಲ, ಹಾಗಾಗಿ ನನ್ನ ಅಂಕಿಗಳು ಉಬ್ಬಿದ್ದವು.

ಸಂಜೆ ಕುಂದಾಪುರದ ಕಡೆಯ ಮಾವನಿಗೆ ಫೋನ್ ಮಾಡಿ ಈ ಕುಣಿತದ ಬಗ್ಗೆ ಕೇಳಿದೆ. ಮೂವತ್ತು ವರ್ಷ ತಂಡೇಲನಾಗಿ, ಅಂದರೆ ಮೀನುಗಾರಿಕೆ ಬೋಟು ನಡೆಸುವವನಾಗಿ ಇದ್ದವರು. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ, ಎಲ್ಲ ದಕ್ಕೆಯಲ್ಲೇ.

"ಗಾಳಿ ಇಲ್ಲದ ದಿನವೂ ಎಳೀತದೆ ಮಾರಾಯ್ತಿ," ಅಂದರು. "ಬಾಯಿ ಹತ್ತಿರ ಕಟ್ಟಿದ ಬೋಟಿನ ಹಗ್ಗವೇ ಮೊದಲು ಹರಿಯೋದು. ಒಳಗಿನದ್ದು ಸುಮ್ಮನೆ ಏರಿ ಇಳೀತದೆ."

ನನ್ನ ಪರದೆಯಲ್ಲೂ ಅದೇ ಚಿತ್ರ. ಬಾಯಿಯಲ್ಲಿ ಮಟ್ಟ ಹೆಚ್ಚು ಬದಲಾಗದು, ನೀರು ಮಾತ್ರ ರಭಸದಿಂದ ಹಿಂದೆ ಮುಂದೆ ಓಡುತ್ತದೆ. ಒಳತುದಿಯಲ್ಲಿ ಓಟವಿಲ್ಲ, ಏರಿಳಿತ ಜಾಸ್ತಿ. ಹಿಗ್ಗಿನಿಂದ ಹೇಳಿದೆ: "ಹಾಗಾದ್ರೆ ಮಾವ, ಒಳಗಿನ ಮೂಲೆಯಲ್ಲೇ ಕಟ್ಟಿ."

"ಅಲ್ಲಿ ಮೇ ತಿಂಗಳಲ್ಲೇ ಜಾಗ ಹಿಡಿದಿರ್ತಾರೆ. ನಿನ್ನ ಕಂಪ್ಯೂಟರಿಗೆ ಅದೂ ಹೇಳು," ಅಂದರು.