ರೊಕ್ಕ ಕೊಟ್ಟು ತಂದ ಚೇಳುಕೊಂಡಿ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿರುವ ನಮ್ಮ ಮನೆಯ ಪುಟ್ಟ ಹಿತ್ತಲಿನಲ್ಲಿ ನಿಂತು, ಧಾರವಾಡದ ಮಾಳಮಡ್ಡಿಯಲ್ಲಿರುವ ಅವ್ವನಿಗೆ ವಿಡಿಯೋ ಕರೆಯಲ್ಲಿ ಹೊಸ ಗಿಡವೊಂದನ್ನು ತೋರಿಸಿದಾಗ, ಅವಳು ಕನ್ನಡಕ ಸರಿಪಡಿಸಿಕೊಂಡು ನೋಡಿ, "ಅಯ್ಯ, ಇದು ಚೇಳಕೊಂಡಿ ಗಿಡ ಅಲ್ಲೇನೋ! ನಮ್ಮೂರ ಕೆರಿ ದಂಡಿಗೆ ಬೇಕಾದಷ್ಟು ಬೆಳಿತದ. ಇದಕ್ಕ ರೊಕ್ಕಾ ಕೊಟ್ಟು ತಂದಿ?" ಎಂದು ಕೇಳಿದಳು. ಇದು ಪೆರು ದೇಶದ ಮೂಲದ ಹೆಲಿಯೋಟ್ರೋಪ್, ಬೇರೆಯೇ ಗಿಡ ಎಂದು ನಾನು ಮರ್ಯಾದೆ ಉಳಿಸಿಕೊಳ್ಳಲು ನೋಡಿದೆ. ಆಮೇಲೆ ಸಸ್ಯಶಾಸ್ತ್ರದ ಪುಸ್ತಕ ತೆರೆದಾಗ ಅವ್ವನ ಕಣ್ಣು ನನ್ನ ಓದಿಗಿಂತ ಚುರುಕಾಗಿದೆ ಎಂದು ಒಪ್ಪಿಕೊಳ್ಳಬೇಕಾಯಿತು.

ನಮ್ಮ ಕೆರೆಯಂಚಿನಲ್ಲಿ, ಬಚ್ಚಲ ನೀರು ಹರಿಯುವ ತೇವದ ಜಾಗದಲ್ಲಿ ತಾನಾಗಿಯೇ ಹುಟ್ಟುವ ಚೇಳುಕೊಂಡಿಯ ಶಾಸ್ತ್ರೀಯ ಹೆಸರು ಹೆಲಿಯೋಟ್ರೋಪಿಯಮ್ ಇಂಡಿಕಮ್. ನಾನು ತಂದದ್ದು 1759ರಲ್ಲಿ ಲಿನೇಯಸ್ ಹೆಸರಿಟ್ಟ ಹೆಲಿಯೋಟ್ರೋಪಿಯಮ್ ಆರ್ಬೊರೆಸೆನ್ಸ್. ಎರಡೂ ಒಂದೇ ಕುಲದವು. ಎರಡರಲ್ಲಿಯೂ ಹೂಗೊಂಚಲಿನ ತುದಿ ಚೇಳಿನ ಬಾಲದಂತೆ ಸುರುಳಿ ಸುತ್ತಿಕೊಂಡಿದ್ದು, ಬುಡದ ಕಡೆಯಿಂದ ಸಣ್ಣ ಹೂಗಳು ಅರಳುತ್ತ ಹೋದಂತೆ ಸುರುಳಿ ಬಿಚ್ಚಿಕೊಳ್ಳುತ್ತದೆ. ಇದೇ ಡೊಂಕನ್ನು ಕಂಡು ಸಂಸ್ಕೃತದವರು ನಮ್ಮ ಗಿಡವನ್ನು ಆನೆಯ ಸೊಂಡಿಲಿಗೆ ಹೋಲಿಸಿ ಹಸ್ತಿಶುಂಡಿ ಎಂದರು. ಗ್ರೀಕ್ ಮೂಲದ ಹೆಲಿಯೋಟ್ರೋಪ್ ಎಂಬ ಹೆಸರಿಗೆ ಸೂರ್ಯನ ಕಡೆ ತಿರುಗುವುದು ಎಂಬ ಅರ್ಥವಿದೆಯಾದರೂ, ಗದಗ ಸೀಮೆಯ ಹೊಲಗಳಲ್ಲಿ ಎಳೆಯ ಸೂರ್ಯಕಾಂತಿ ತಿರುಗುವಂತೆ ಇದು ತಿರುಗಿದ್ದನ್ನು ನಾನಂತೂ ಕಂಡಿಲ್ಲ.

ಎರಡಕ್ಕೂ ಇರುವ ದೊಡ್ಡ ವ್ಯತ್ಯಾಸ ಮೂಗಿಗೆ ಸಂಬಂಧಿಸಿದ್ದು. ಅವ್ವನ ಚೇಳುಕೊಂಡಿಗೆ ಹೇಳಿಕೊಳ್ಳುವಂಥ ಪರಿಮಳವಿಲ್ಲ. ಪೆರುವಿನ ಗಿಡದ ನೇರಳೆ ಗೊಂಚಲಿನದೋ, ವೆನಿಲಾ ಎಸೆನ್ಸ್ ಬೆರೆಸಿದ ಬೆಚ್ಚಗಿನ ಬಾದಾಮಿ ಹಾಲಿನ ಪರಿಮಳ. ಇಂಗ್ಲಿಷರಿಗೆ ಇದರಲ್ಲಿ ಆಗತಾನೆ ಬೆಂದ ಚೆರ್ರಿ ಹಣ್ಣಿನ ಕಡುಬಿನ ನೆನಪಾಗುವುದರಿಂದ ಅವರು ಗಿಡವನ್ನೇ ಚೆರ್ರಿ ಪೈ ಎಂದು ಕರೆಯುತ್ತಾರೆ. ಧಾರವಾಡದವನಾಗಿ ಪೇಢೆಯ ಹೆಸರು ಹೇಳುವ ಆಸೆ ನನಗೂ ಇತ್ತು, ಆದರೆ ಅದು ಸುಳ್ಳಾಗುತ್ತದೆ. ಪೇಢೆಯದು ಕೆಂಪಗೆ ಹುರಿದ ಖೋವಾದ ವಾಸನೆ. ಸುಗಂಧದ್ರವ್ಯದವರು ಇದನ್ನೇ ಹೋಲುವ ವಾಸನೆಗೆ ಹೆಲಿಯೋಟ್ರೋಪಿನ್ ಎಂಬ ವಸ್ತುವನ್ನು ಬಳಸುತ್ತಾರೆ. ಅದರ ರಾಸಾಯನಿಕ ಹೆಸರು ಪೈಪರೋನಾಲ್. 19ನೇ ಶತಮಾನದಲ್ಲಿ ಅದನ್ನು ಮೊದಲು ಪಡೆದದ್ದು ಕರಿಮೆಣಸಿನ ಖಾರದ ಸತ್ವವಾದ ಪೈಪರೀನಿನಿಂದ ಬರುವ ಆಮ್ಲದ ಮೂಲಕವಾದ್ದರಿಂದ, ಆ ಹೆಸರಿನಲ್ಲಿ ಇಂದಿಗೂ ಮೆಣಸೇ ಉಳಿದುಕೊಂಡಿದೆ.

ಇಷ್ಟು ಹೇಳಿದ ಮೇಲೆ ನನ್ನ ಮೊದಲ ತಪ್ಪನ್ನೂ ಹೇಳಬೇಕು. ಮೊದಲ ವರ್ಷ ನಾನು ಬಣ್ಣಕ್ಕೆ ಮರುಳಾಗಿ, ಕಡುನೇರಳೆಯ ದೊಡ್ಡ ಗೊಂಚಲಿನ ಮರೀನ್ ಎಂಬ ತಳಿಯನ್ನು ತಂದೆ. ನೋಡಲು ಚೆಂದ, ಆದರೆ ಮೂಗನ್ನು ಹೂವಿಗೆ ತಾಗಿಸಿದರೂ ಮಂದವಾದ ವಾಸನೆ. ಬೀಜದಿಂದ ಹುಟ್ಟಿದ ಗಿಡಗಳಲ್ಲಿ ಒಂದರಂತೆ ಒಂದಕ್ಕೆ ಪರಿಮಳ ಇರುವುದಿಲ್ಲ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಆದ್ದರಿಂದಲೇ ಹಳೆಯ ತೋಟಗಾರರು ಚಾಟ್ಸ್‌ವರ್ತ್, ವೈಟ್ ಲೇಡಿ, ಲಾರ್ಡ್ ರಾಬರ್ಟ್ಸ್ ಮೊದಲಾದ ಪರಿಮಳದ ತಳಿಗಳನ್ನು ಕಡ್ಡಿಯಿಂದಲೇ ಬೆಳೆಸುತ್ತ ಉಳಿಸಿಕೊಂಡು ಬಂದಿದ್ದಾರೆ. ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಮಲ್ಲಿಗೆಯ ದಂಡೆಯನ್ನು ಮೂಸಿ ನೋಡಿ ಚೌಕಾಸಿ ಮಾಡುವ ನಮ್ಮ ಹೆಂಗಸರ ಕ್ರಮವೇ ಈ ಗಿಡ ಕೊಳ್ಳುವವರಿಗೂ ಸರಿಯಾದ ಕ್ರಮ. ಹೂ ಬಿಟ್ಟಿರುವ ಗಿಡವನ್ನು ಮೂಸಿಯೇ ತರಬೇಕು.

ಎರಡನೆಯ ತಪ್ಪು ಅದಕ್ಕಿಂತ ದುಬಾರಿಯಾಯಿತು. ಹೆಲಿಯೋಟ್ರೋಪ್ ತನ್ನ ನಾಡಿನಲ್ಲಿ ವರ್ಷಗಟ್ಟಲೆ ಬದುಕುವ ಪೊದೆ, ಕಾಂಡ ಕಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಆದರೆ ಇಬ್ಬನಿ ಹೆಪ್ಪುಗಟ್ಟುವಂಥ ಚಳಿಯನ್ನು ಅದು ಒಂದು ರಾತ್ರಿಯೂ ತಾಳುವುದಿಲ್ಲ. ಅಕ್ಟೋಬರಿನ ಕೊನೆಯ ಒಂದು ಬೆಳಗ್ಗೆ ಎದ್ದು ನೋಡಿದರೆ ಹಿತ್ತಲಿನ ಆರೂ ಗಿಡಗಳು ಬಿಸಿನೀರು ಸುರಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದಿದ್ದವು. ಜನವರಿಯಲ್ಲಿಯೂ ಅಂಗಳದಲ್ಲಿ ಸೇವಂತಿಗೆ ಕೀಳುವ ಊರಿನಲ್ಲಿ ಬೆಳೆದವನಿಗೆ, ಒಂದೇ ರಾತ್ರಿಯಲ್ಲಿ ತೋಟವೇ ಮುಗಿದುಹೋಗಬಹುದು ಎಂಬ ಎಚ್ಚರ ಎಲ್ಲಿಂದ ಬರಬೇಕು?

ಅಂದಿನಿಂದ ನನ್ನ ವರ್ಷ ಆಗಸ್ಟಿನಲ್ಲಿಯೇ ಆರಂಭವಾಗುತ್ತದೆ. ಹೂವಿಲ್ಲದ ಎಳೆಯ ಕುಡಿಗಳನ್ನು ಒಂದು ಗೇಣಿಗಿಂತ ಕಡಿಮೆ, ಅಂದರೆ 7ರಿಂದ 10 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಹಗುರ ಮಣ್ಣಿನಲ್ಲಿ ಊರಿ, ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿಟ್ಟರೆ ಮೂರು ನಾಲ್ಕು ವಾರಗಳಲ್ಲಿ ಬೇರು ಬಿಡುತ್ತವೆ. ಚಳಿಗಾಲದುದ್ದಕ್ಕೂ ಅವು ಮನೆಯೊಳಗೆ ಕಿಟಕಿಯ ಪಕ್ಕ ಸುಮಾರು 10 ಡಿಗ್ರಿಯ ತಂಪು ಕೋಣೆಯಲ್ಲಿರುತ್ತವೆ. ಆಗ ನೀರು ಬಹಳ ಕಡಿಮೆ ಸಾಕು. ನಾನು ಪ್ರೀತಿಯಿಂದ ದಿನವೂ ಎರೆದ ಒಂದು ಚಳಿಗಾಲದಲ್ಲಿ ಬೇರು ಕೊಳೆತು ಅರ್ಧದಷ್ಟು ಸಸಿಗಳು ಹೋದವು. ಹೀಟರಿನ ಒಣ ಗಾಳಿಗೆ ಬಿಳಿ ನೊಣ ಮತ್ತು ನುಸಿಯೂ ಬರುತ್ತವೆ, ಆದ್ದರಿಂದ ವಾರಕ್ಕೊಮ್ಮೆ ಎಲೆಯ ಕೆಳಭಾಗವನ್ನು ತಿರುಗಿಸಿ ನೋಡುವುದು ರೂಢಿಯಾಗಿದೆ. ಮೇ ಕೊನೆಯವರೆಗೆ ಹೊರಗೆ ಇಡುವ ಮಾತೇ ಇಲ್ಲ.

ಬೇಸಿಗೆ ಬಂದ ಮೇಲೆ ಗಿಡದ ಸ್ವಭಾವ ತಲೆಕೆಳಗಾಗುತ್ತದೆ. ಈಗ ಅದಕ್ಕೆ ಬಿಸಿಲು ಬೇಕು, ಗೊಬ್ಬರ ಬೇಕು, ಮಣ್ಣು ಒಮ್ಮೆಯೂ ಪೂರ್ತಿ ಒಣಗಬಾರದು. ಕುಂಡ ಒಣಗಿದರೆ ಎಲೆಯ ಅಂಚು ಸುಟ್ಟಂತೆ ಕಪ್ಪಾಗುತ್ತದೆ ಮತ್ತು ಆ ಕಪ್ಪು ಮತ್ತೆ ಹಸಿರಾಗುವುದಿಲ್ಲ. ಸಾರಜನಕ ಹೆಚ್ಚಾದರೆ ಎಲೆ ಮಾತ್ರ ದಟ್ಟವಾಗುವುದರಿಂದ, ಟೊಮೇಟೊ ಗಿಡಕ್ಕೆ ಹಾಕುವ ಪೊಟ್ಯಾಶ್ ಹೆಚ್ಚಿರುವ ದ್ರವಗೊಬ್ಬರವನ್ನು ಹದಿನೈದು ದಿನಕ್ಕೊಮ್ಮೆ ಕೊಡುತ್ತೇನೆ. ಹಾವೇರಿ ಕಡೆಯ ಸೇವಂತಿಗೆ ಬೆಳೆಗಾರರಿಗೆ ಕುಡಿ ಚಿವುಟುವುದನ್ನು ಯಾರೂ ಕಲಿಸಬೇಕಿಲ್ಲ. ಇಲ್ಲಿಯೂ ಅದೇ ಕೆಲಸ, ಸಸಿ ಒಂದು ಗೇಣಾದಾಗ ತುದಿ ಚಿವುಟಿದರೆ ಪಕ್ಕದ ಕವಲುಗಳು ಒಡೆದು ಗಿಡ ಪೊದೆಯಾಗುತ್ತದೆ. ವಿಕ್ಟೋರಿಯಾ ರಾಣಿಯ ಕಾಲದವರು ಇದಕ್ಕೆ ವಿರುದ್ಧವಾಗಿ, ಪಕ್ಕದ ಕವಲುಗಳನ್ನೆಲ್ಲ ತೆಗೆದು ಒಂದೇ ಕಾಂಡವನ್ನು ಎತ್ತರಕ್ಕೆ ಬೆಳೆಸಿ, ತುದಿಯಲ್ಲಿ ಮಾತ್ರ ಕೊಡೆಯಂತೆ ಹೂ ಬಿಡಿಸುತ್ತಿದ್ದರು. ನನಗೆ ಅಷ್ಟು ತಾಳ್ಮೆಯಿಲ್ಲ.

ಪರಿಮಳ ಇಷ್ಟು ಸಿಹಿಯಾಗಿರುವುದರಿಂದಲೇ ಒಂದು ಎಚ್ಚರಿಕೆ ಹೇಳಲೇಬೇಕು: ಇದರ ಯಾವ ಭಾಗವನ್ನೂ ತಿನ್ನಬಾರದು, ಚಹಾಕ್ಕೆ ಹಾಕಬಾರದು. ಈ ಕುಲದ ಗಿಡಗಳಲ್ಲಿರುವ ಪೈರೋಲಿಜಿಡಿನ್ ಆಲ್ಕಲಾಯ್ಡುಗಳು ಯಕೃತ್ತನ್ನು ಕೆಡಿಸುತ್ತವೆ. 1970ರ ದಶಕದಲ್ಲಿ ಅಫಘಾನಿಸ್ತಾನದಲ್ಲಿ ಹೆಲಿಯೋಟ್ರೋಪ್ ಕುಲದ ಕಳೆಯೊಂದರ ಬೀಜ ಗೋಧಿಯಲ್ಲಿ ಬೆರೆತು, ಆ ಗೋಧಿಯ ರೊಟ್ಟಿ ತಿಂದ ಹಳ್ಳಿಗಳಲ್ಲಿ ಯಕೃತ್ತಿನ ಕಾಯಿಲೆ ವ್ಯಾಪಕವಾಗಿ ಹರಡಿತ್ತು. ನಮ್ಮ ಕಡೆ ಚೇಳುಕೊಂಡಿಯ ಸೊಪ್ಪನ್ನು ಅರೆದು ಕುರುವಿಗೆ ಹಚ್ಚುತ್ತಿದ್ದರೆಂದು ಅವ್ವ ಹೇಳುತ್ತಾಳೆ. ಹೊಟ್ಟೆಗೆ ಮಾತ್ರ ಎರಡು ಗಿಡಗಳೂ ಬೇಡ.

ಗಿಡದ ಸುದ್ದಿ ಕೇಳಿದ ವೈನಿ (ಅತ್ತಿಗೆ), ಬರುವಾಗ ಎರಡು ಕಡ್ಡಿ ತರಬೇಕೆಂದು ಹಟ ಹಿಡಿದಿದ್ದರು. ಸಸ್ಯ ಸಂಪರ್ಕನಿಷೇಧದ (ಪ್ಲಾಂಟ್ ಕ್ವಾರಂಟೈನ್) 2003ರ ಆದೇಶದಂತೆ ಸಸ್ಯಾರೋಗ್ಯ ಪ್ರಮಾಣಪತ್ರವಿಲ್ಲದೆ ಕಡ್ಡಿಯನ್ನು ಭಾರತಕ್ಕೆ ತರುವಂತಿಲ್ಲ ಎಂದು ನಾನು ಹೇಳಿದ್ದಕ್ಕೆ ಅವರು ಒಂದು ವಾರ ಸರಿಯಾಗಿ ಮಾತನಾಡಲಿಲ್ಲ. ಕೊನೆಗೆ ದೇಶದೊಳಗೇ ಸಿಗುವ ಬೀಜದ ಪೊಟ್ಟಣ ತರಿಸಿಕೊಂಡು, ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಬಿತ್ತಿದರು. ಬೀಜ ಬಹಳ ಸಣ್ಣದಾದ್ದರಿಂದ ಮಣ್ಣಿನ ಮೇಲೆ ಉದುರಿಸಿ ಒತ್ತಿದರೆ ಸಾಕು. ಮೊಳಕೆ ಒಟ್ಟಿಗೆ ಬಾರದೆ ಮೂರು ನಾಲ್ಕು ವಾರ ಒಂದೊಂದಾಗಿ ಬರುತ್ತಿರುತ್ತದೆ.

ಗದಗಿನ ಎರೆಮಣ್ಣು ನೀರು ಹಿಡಿದುಕೊಳ್ಳುವುದರಿಂದ ಕುಂಡಕ್ಕೆ ಬೇಡವೆಂದು ನಾನೇ ಹೇಳಿದ್ದೆ. ವೈನಿ ಧಾರವಾಡದ ಮಸಾರಿ ಮಣ್ಣಿಗೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಮತ್ತು ಮರಳು ಬೆರೆಸಿದರು. ಫೆಬ್ರವರಿಯಲ್ಲಿ ಏಳು ಗಿಡಗಳು ಹೂ ಬಿಟ್ಟವು. ಏಳರಲ್ಲಿ ಎರಡಕ್ಕೆ ಮಾತ್ರ ನಿಜವಾದ ಪರಿಮಳವಿತ್ತು ಎಂದು ತೀರ್ಪು ಕೊಟ್ಟವಳು ಅವ್ವ.

ನಾನಿಲ್ಲಿ ಬಿಸಿಲಿಗಾಗಿ ಹಾತೊರೆಯುತ್ತಿದ್ದರೆ, ಅಲ್ಲಿ ಏಪ್ರಿಲ್ ಬಂದೊಡನೆ ಅದೇ ಬಿಸಿಲು ಶತ್ರುವಾಯಿತು. ಕುಂಡಗಳನ್ನು ಮಾವಿನ ಮರದ ಕೆಳಗೆ, ಬೆಳಗಿನ ಎಳೆಬಿಸಿಲು ಮಾತ್ರ ಬೀಳುವ ಕಡೆಗೆ ಸರಿಸಿದರೂ ಮೂರು ಗಿಡಗಳು ಬಾಡಿದವು. ಬಾಡಿ ಒಣಗಿದ ಆ ಕಾಂಡಗಳ ಮೇಲೆ ನೀಲಿ ಪಟ್ಟೆಯ ಚಿಟ್ಟೆಗಳು ಗುಂಪುಗಟ್ಟಿ ಕುಳಿತ ಚಿತ್ರವನ್ನು ವೈನಿ ಕಳಿಸಿದ್ದರು. ಆ ಬಳಗದ ಗಂಡು ಚಿಟ್ಟೆಗಳು ಮನುಷ್ಯನಿಗೆ ವಿಷವಾದ ಅದೇ ಆಲ್ಕಲಾಯ್ಡನ್ನು ಹೀರಿ, ಅದರಿಂದ ಹೆಣ್ಣನ್ನು ಸೆಳೆಯುವ ವಾಸನೆಯನ್ನು ತಯಾರಿಸಿಕೊಳ್ಳುತ್ತವೆ ಎಂದು ನಾನು ವಿವರಿಸಿದಾಗ ಅವರಿಗೆ ಗಿಡ ಸತ್ತ ದುಃಖ ಸ್ವಲ್ಪ ಕಡಿಮೆಯಾದಂತಿತ್ತು.

ಪರಿಮಳದ ಎರಡು ಗಿಡಗಳಿಂದ ತೆಗೆದ ಐದು ಕಡ್ಡಿಗಳು ಈಗ ಬೇರು ಬಿಟ್ಟಿವೆ. ಜಿಟಿಜಿಟಿ ಮಳೆಗೆ ಹೂ ಕಂದಿ, ಬುಡದಲ್ಲಿ ನೀರು ನಿಂತು ಕೊಳೆಯದಿರಲೆಂದು ವೈನಿ ಅವನ್ನು ಚಜ್ಜಾದ ಕೆಳಗೆ, ಅಬ್ಬಲಿಗೆಯ ಕುಂಡಗಳ ಸಾಲಿನಲ್ಲಿ ಇಟ್ಟಿದ್ದಾರೆ. ಅವ್ವ ಮಾತ್ರ ಇನ್ನೂ ಅದನ್ನು ಹೆಲಿಯೋಟ್ರೋಪ್ ಎಂದು ಕರೆಯಲು ಒಪ್ಪಿಲ್ಲ. ಮೊನ್ನೆ ಫೋನಿನಲ್ಲಿ, "ನಿನ್ನ ರೊಕ್ಕದ ಚೇಳಕೊಂಡಿ ಚಿಗತದ ನೋಡು" ಎಂದಳು.