ಎರಡನೇ ಸಲ ಹೆದರಿಕೆ ಕಡಿಮೆ ಅಲ್ವಾ?

"ಅಕ್ಕಾರ, ಒಮ್ಮೆ ಗೆದ್ದು ಬಂದವರು ನೀವು. ಎಲ್ಲಾ ಗೊತ್ತೈತಿ. ಈ ಸಲ ಹೆದರಿಕಿ ಕಡಿಮಿ ಇರಬೇಕಲ್ರಿ?"

ಈಗೀಗ ಎಲ್ಲರೂ ಇದನ್ನೇ ಕೇಳುತ್ತಾರೆ. ಶಾಲೆಯಲ್ಲಿ ಜೊತೆಗೆ ಕೆಲಸ ಮಾಡುವವರು, ಓಣಿಯವರು, ಮದುವೆ ಮನೆಯಲ್ಲಿ ಸಿಕ್ಕ ನೆಂಟರು. ಕೆಲವು ವರ್ಷಗಳ ಹಿಂದೆ ನನಗೆ ಸ್ತನ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲಾ ಮುಗಿಸಿ ಗದಗಿನಲ್ಲಿ ಮತ್ತೆ ಪಾಠ ಮಾಡಿಕೊಂಡಿದ್ದೆ. ಈಗ ಅದು ಬೆನ್ನುಮೂಳೆಯಲ್ಲಿ ಕಾಣಿಸಿಕೊಂಡಿದೆ.

ಹೆದರಿಕೆ ಕಡಿಮೆ ಆಗಿಲ್ಲ. ಜಾಸ್ತಿ ಆಗಿದೆ. ಪ್ರೀತಿಯಿಂದ ಕೇಳಿದವರಿಗೆ ಬಾಗಿಲಲ್ಲಿ ನಿಂತು ಇಷ್ಟೆಲ್ಲ ಹೇಳಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲನೇ ಸಲ ನನಗೆ ಏನೂ ಗೊತ್ತಿರಲಿಲ್ಲ. ಕೀಮೋ ಅಂದರೆ ಗ್ಲೂಕೋಸ್ ಬಾಟಲಿ ಏರಿಸಿದ ಹಾಗೆ ಅಂದುಕೊಂಡಿದ್ದೆ. ಈಗ ಗೊತ್ತಿದೆ. ಕೆಂಪು ಔಷಧಿ ಕೊಟ್ಟ ದಿನ ಮೂತ್ರವೂ ಕೆಂಪಾಗುತ್ತದೆ. ರೊಟ್ಟಿ ಬಾಯಿಗಿಟ್ಟರೆ ಕಬ್ಬಿಣ ನೆಕ್ಕಿದಂತಾಗುತ್ತದೆ. ಹುಬ್ಬಳ್ಳಿ ಬಸ್ಸು ಅಣ್ಣಿಗೇರಿ ದಾಟುತ್ತಿದ್ದಂತೆಯೇ ನನಗೆ ಹೊಟ್ಟೆ ತೊಳೆಸಲು ಶುರುವಾಗುತ್ತದೆ, ಆಸ್ಪತ್ರೆ ಇನ್ನೂ ದೂರ ಇರುತ್ತದೆ. ಕೀಮೋ ತಗೊಂಡವರಲ್ಲಿ ಹೀಗೆ ಮೊದಲೇ ವಾಕರಿಕೆ ಬರುವುದುಂಟು. ಡಾಕ್ಟರಿಗೂ ಗೊತ್ತು, ಅದಕ್ಕೆ ಮಾತ್ರೆಯೂ ಇದೆ. ಗೊತ್ತಿರುವುದರಿಂದ ಅಷ್ಟು ಉಪಯೋಗ ಆಗಿದೆ. ಈಗ ತಡೆದುಕೊಂಡು ಕೂಡುವುದಿಲ್ಲ, ಕೇಳಿ ತಗೊಳ್ಳುತ್ತೇನೆ.

ಆಗ ಎಲ್ಲದಕ್ಕೂ ಒಂದು ಕೊನೆ ಇತ್ತು. ಇಷ್ಟು ಕೀಮೋ, ಇಷ್ಟು ರೇಡಿಯೇಷನ್ ಅಂತ ಮಗಳು ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದಳು. ಕೊನೆಯ ಗೀಟು ಹಾಕಿದ ಮೇಲೆ ಸಿದ್ಧಾರೂಢರ ಮಠಕ್ಕೆ ಹೋಗಿ ಬಂದೆವು. ಈ ಸಲವೂ ಅವಳು "ಯಾವಾಗ ಮುಗೀತದವ್ವಾ?" ಅಂತ ಕೇಳಿದಳು. ಸ್ತನ ಕ್ಯಾನ್ಸರ್ ಮೂಳೆ, ಲಿವರ್, ಶ್ವಾಸಕೋಶದಂಥ ದೂರದ ಜಾಗಕ್ಕೆ ಹೋದ ಮೇಲೆ ಪೂರ್ತಿ ತೆಗೆಯಲು ಸಾಮಾನ್ಯವಾಗಿ ಆಗುವುದಿಲ್ಲ. ಹತೋಟಿಯಲ್ಲಿ ಇಡಬೇಕು. ಒಂದು ಔಷಧಿ ಎಲ್ಲಿಯವರೆಗೆ ಹಿಡಿಯುತ್ತದೋ ಅಲ್ಲಿಯವರೆಗೆ ಅದು, ಆಮೇಲೆ ಇನ್ನೊಂದು. ಹೀಗೆ ವರ್ಷಗಟ್ಟಲೆ ಬದುಕುವವರು ಇದ್ದಾರೆ, ಕೆಲಸಕ್ಕೆ ಹೋಗುವವರೂ ಇದ್ದಾರೆ. ಇದೆಲ್ಲ ಅವಳಿಗೆ ಹೇಳಿದೆ. ಆದರೆ ಗೀಟು ಹಾಕಲು ಕ್ಯಾಲೆಂಡರ್ ಕೊಡಲು ಆಗಲಿಲ್ಲ.

ಅಂದ ಹಾಗೆ, "ಈಗ ಬೋನ್ ಕ್ಯಾನ್ಸರಂತೆ" ಎಂದು ಊರಲ್ಲಿ ಮಾತಿದೆ. ಮೂಳೆಗೆ ಬಂದರೂ ಇದು ಸ್ತನ ಕ್ಯಾನ್ಸರೇ. ಅದರ ಔಷಧಿಯೇ ಇದಕ್ಕೂ.

ಹೆದರಿಕೆಗಿಂತ ಹೆಚ್ಚು ನನ್ನನ್ನು ಕುಗ್ಗಿಸಿದ್ದು ನಾಚಿಕೆ. ಮೊದಲನೇ ಸಲ ಗುಣವಾಗಿ ಬಂದಾಗ ಮಹಿಳಾ ದಿನಾಚರಣೆಗೆ ಕರೆದು ಶಾಲು ಹೊದಿಸಿ ಸನ್ಮಾನ ಮಾಡಿದ್ದರು. ಮನಸ್ಸು ಗಟ್ಟಿ ಇದ್ದರೆ ಏನನ್ನೂ ಗೆಲ್ಲಬಹುದು ಅಂತ ಭಾಷಣ ಆಯಿತು. ಈ ಸಲದ ರಿಪೋರ್ಟ್ ಕೈಯಲ್ಲಿ ಹಿಡಿದಾಗ ಮೊದಲು ನೆನಪಾದದ್ದು ಅವರ ಮುಖಗಳು. ಅವರ ಮಾತು ನನ್ನಿಂದ ಸುಳ್ಳಾಯಿತೇನೋ ಅನ್ನಿಸಿತು. ಎಷ್ಟೋ ದಿನ ಯಾರಿಗೂ ಹೇಳಲಿಲ್ಲ. ಆಸ್ಪತ್ರೆಯಲ್ಲಿ ಪಕ್ಕ ಕೂತ ಹಾವೇರಿ ಕಡೆಯ ಹೆಣ್ಣುಮಗಳೊಬ್ಬಳು ತವರಿಗೆ ಇನ್ನೂ ಹೇಳಿಲ್ಲ ಅಂದಾಗ, ಯಾಕೆ ಅಂತ ನಾನು ಕೇಳಲಿಲ್ಲ.

ಹೇಳಿದ ಮೇಲೆ ವಿಚಾರಣೆ ಶುರು. ಏನು ತಿಂದಿರಿ? ಸಕ್ಕರೆ ಬಿಟ್ಟಿರಲಿಲ್ವಾ? ಹರಕೆ ಬಾಕಿ ಉಳೀತಾ? ಬೇರೆಯವರು ಕೇಳುವ ಮೊದಲೇ ರಾತ್ರಿಯೆಲ್ಲ ನಾನೇ ಇದನ್ನು ನನಗೆ ಕೇಳಿಕೊಂಡಾಗಿತ್ತು. ಒಂದು ಮಾತ್ರೆಯನ್ನೂ ತಪ್ಪಿಸಿರಲಿಲ್ಲ. ಚೆಕಪ್ ಬಿಟ್ಟಿರಲಿಲ್ಲ. ಆದರೂ ಬಂತು. ಚಿಕಿತ್ಸೆ ಮುಗಿದ ಮೇಲೂ ಯಾವ ಸ್ಕ್ಯಾನಿಗೂ ಸಿಗದಷ್ಟು ಕಡಿಮೆ ಕ್ಯಾನ್ಸರ್ ಜೀವಕೋಶಗಳು ಎಲ್ಲೋ ಸುಮ್ನೆ ಕೂತಿರಬಹುದು. ನನ್ನದು ಹಾರ್ಮೋನಿಗೆ ಸ್ಪಂದಿಸುವ ಬಗೆಯ ಕ್ಯಾನ್ಸರ್. ಇದು 10 ವರ್ಷ ಕಳೆದ ಮೇಲೂ ತಿರುಗಿ ಬರುವುದುಂಟು. ಅದಕ್ಕೇ ಇಂಥವರಿಗೆ 5 ವರ್ಷ, ಕೆಲವರಿಗೆ 10 ವರ್ಷದವರೆಗೂ ಹಾರ್ಮೋನ್ ತಡೆಯುವ ಮಾತ್ರೆ ಕೊಡುತ್ತಾರೆ. ಮಾತ್ರೆ ಆ ಅಪಾಯವನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ನಾನು ತಿಂದ ಹೋಳಿಗೆಯಿಂದ ಇದು ಬರಲಿಲ್ಲ. ಮನಸ್ಸು ಸೋತಿದ್ದಕ್ಕೂ ಬರಲಿಲ್ಲ. ಇದನ್ನು ನಾನು ಜೋರಾಗಿಯೇ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಜನ ಈ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡೇ ಚಿಕಿತ್ಸೆಗೆ ಬರುತ್ತಿದ್ದಾರೆ.

ನಮ್ಮ ಮನೆಯವರು ಮಾತು ಕಡಿಮೆ ಮಾಡಿದ್ದಾರೆ. ನಾನು ಕೆಮ್ಮಿದರೆ ಪೇಪರಿನಿಂದ ತಲೆ ಎತ್ತುತ್ತಾರೆ. ಅವರಿಗೆ ಧೈರ್ಯ ಹೇಳುವ ಕೆಲಸವೂ ಈ ಸಲ ನನ್ನದೇ. ಅವರ ಹೆದರಿಕೆಯನ್ನು ಯಾರೂ ಕೇಳುವುದಿಲ್ಲ, ಅಲ್ವಾ?

ನಿದ್ದೆ ಪೂರ್ತಿ ಹೋದಾಗ ಡಾಕ್ಟರ್ ನನ್ನನ್ನು ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕಳಿಸಿದರು. ನಮ್ಮ ಕಡೆ "ಧಾರವಾಡಕ್ಕೆ ಕಳಸಬೇಕು ಇವನ್ನ" ಅಂತ ನಗೆಯಾಡುತ್ತಾರಲ್ಲ, ಅದೇ ಜಾಗ. ಹೋದೆ. ಒಬ್ಬರು ನಡುವೆ ಬಾಯಿ ಹಾಕದೆ ಕೂತು ಕೇಳಿದರು. "ಸಾಯ್ತೀನಿ ಅಂತ ಹೆದರಿಕೆ" ಎಂದು ನಾನು ಬಾಯಿಬಿಟ್ಟು ಹೇಳಿದ್ದು ಅಲ್ಲೇ ಮೊದಲು. ಮನೆಯಲ್ಲಿ ಆ ಮಾತು ಎತ್ತಿದರೆ "ಬಿಡ್ತು ಅನ್ನು" ಅನ್ನುತ್ತಾರೆ. ಅಷ್ಟು ದೂರ ಹೋಗಲಾಗದವರು 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ನನಗೆ ಅತಿ ಕಷ್ಟದ್ದು ಸ್ಕ್ಯಾನ್ ಆಗಿ ರಿಪೋರ್ಟ್ ಬರುವವರೆಗಿನ ದಿನಗಳು. ಪ್ರಶ್ನೆ ಕೇಳುವವರು ಆಗ ಮನೆಗೆ ಬನ್ನಿ. ಹತ್ತನೇ ತರಗತಿ ಪಾಠ ಎಲ್ಲಿಗೆ ಬಂತು, ಈ ಸಲ ಉಳ್ಳಾಗಡ್ಡಿ ಬೆಳೆ ಹೇಗಿದೆ, ಏನಾದರೂ ಮಾತಾಡೋಣ. ಹೆದರಿಕೆ ಇದೆಯಾ ಅಂತ ಕೇಳಿದರೆ ಇದೆ ಅನ್ನುತ್ತೇನೆ. ಆಗ ಧೈರ್ಯ ಹೇಳಬೇಕಿಲ್ಲ, ಇನ್ನೊಂದಷ್ಟು ಹೊತ್ತು ಕೂತರೆ ಸಾಕು.