ಯುರೋಪಿನಲ್ಲಿ ಕಡಿಮೆ ರೊಕ್ಕಕ್ಕೆ ಹೊಟ್ಟೆ ತುಂಬಾ ಊಟ

ಹುಬ್ಬಳ್ಳಿಯಿಂದ ಯುರೋಪಿಗೆ ಹೊರಟವರ ಬ್ಯಾಗ್ ಬಿಚ್ಚಿದರೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದೇ ಇರುತ್ತವೆ. ಒಯ್ಯಿರಿ, ಬೇಡ ಅನ್ನಲ್ಲ. ಆದರೆ ಅಷ್ಟು ದೂರ ಹೋಗಿ ಅಲ್ಲಿಯ ಜನ ಉಣ್ಣುವುದನ್ನು ಉಣ್ಣದೆ ಬರಬಾರದು, ಅಲ್ವಾ?

ನನಗೆ ಬಹಳ ಹಿಡಿಸಿದ್ದು ಪೋಲೆಂಡಿನ ‘ಬಾರ್ ಮ್ಲೆಚ್ನಿ’. ಹಾಲು, ಹಿಟ್ಟು, ಆಲೂಗಡ್ಡೆಯ ಸಾದಾ ಅಡುಗೆ ಸಿಗುವ ಅಗ್ಗದ ಊಟದ ಮನೆ. ಇಂಥ ಎಷ್ಟೋ ಕಡೆ ಸರಕಾರದ ಸಹಾಯಧನವೂ ಇದೆ. ಕೌಂಟರಿನಲ್ಲಿ ರೊಕ್ಕ ಕೊಟ್ಟು ಚೀಟಿ ತಗೊಳ್ಳಬೇಕು, ಅಡುಗೆಮನೆ ಕಿಟಕಿಯಲ್ಲಿ ತಟ್ಟೆ ಇಸಿದುಕೊಳ್ಳಬೇಕು. ಪಕ್ಕದಲ್ಲಿ ವಯಸ್ಸಾದವರು, ಕಾಲೇಜು ಹುಡುಗರು. ಅಲ್ಲಿ ‘ಪಿಯೆರೋಗಿ ರುಸ್ಕಿಯೆ’ ಕೇಳಿ. ನಮ್ಮ ಕಡುಬಿನ ಹಾಗೇ ಅರ್ಧಚಂದ್ರ. ಒಳಗೆ ಆಲೂಗಡ್ಡೆ, ಬಿಳಿ ಚೀಸ್, ಮೇಲೆ ಹುರಿದ ಉಳ್ಳಾಗಡ್ಡಿ. ಬಿಸಿ ಇದ್ದಾಗ ಬಾಯಿಗಿಟ್ಟರೆ ಹಿಟ್ಟು ಮೆತ್ತಗೆ ಜಾರುತ್ತದೆ. ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಿ, ಕೆಲವು ಕಡೆ ಮೇಲೆ ಹಂದಿ ಕೊಬ್ಬಿನ ಚೂರು ಹಾಕುತ್ತಾರೆ.

ರೋಮ್‌ನಲ್ಲಿ ತೂಕದ ಮೇಲೆ ಪಿಜ್ಜಾ ಮಾರುವ ಅಂಗಡಿ ಹುಡುಕಿ. ಎಷ್ಟು ಬೇಕೆಂದು ಬೆರಳಲ್ಲಿ ತೋರಿಸಿದರೆ ಸಾಕು, ಕತ್ತರಿಸಿ ತೂಗಿ ಕೊಡುತ್ತಾರೆ. ಬರೀ ಟೊಮೆಟೊ ಹಚ್ಚಿದ್ದು ಅಗ್ಗ, ರುಚಿಯೂ ಜಾಸ್ತಿ. ಕಾಫಿ ನಿಂತೇ ಕುಡಿಯಿರಿ, ಕೂತರೆ ಎಷ್ಟೋ ಕಡೆ ಬೆಲೆ ಏರುತ್ತದೆ. ನೀರು ಕೊಳ್ಳಬೇಡಿ. ಬೀದಿಯ ನಲ್ಲಿಗಳಲ್ಲಿ ಕುಡಿಯುವ ತಣ್ಣೀರು ಪುಕ್ಕಟೆ.

ಸ್ಪೇನ್‌ನಲ್ಲಿ ಮಧ್ಯಾಹ್ನವೇ ದೊಡ್ಡ ಊಟ ಮಾಡಿ. ‘ಮೆನು ದೆಲ್ ದಿಯಾ’ ಅಂದರೆ ಒಂದೇ ಬೆಲೆಗೆ ಎರಡು ತಟ್ಟೆ ಅಡುಗೆ, ಬ್ರೆಡ್ಡು, ಸಾಮಾನ್ಯವಾಗಿ ಸಿಹಿಯೋ ಕಾಫಿಯೋ ಕೂಡ. ರಾತ್ರಿಗೆ ಮಾರ್ಕೆಟ್ಟಿನ ಹಣ್ಣು, ಚೀಸ್ ಸಾಕು.